ಉರಿಯದೆ ಉಳಿದ ಕೊಬ್ಬು: ಮದ್ಯ ಯಕೃತ್ತಿನಲ್ಲಿ ಮಾಡುವ ಕೆಲಸ

(ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕುಡಿಯುವವರ ನಡುವೆ ಎರಡು ಮಾತುಗಳು ಬಹಳ ಕಾಲದಿಂದ ಚಲಾವಣೆಯಲ್ಲಿವೆ. ಒಂದು, “ಖಾಲಿ ಹೊಟ್ಟೆಯಲ್ಲಿ ಕುಡಿಯುವವನ ಲಿವರ್ ಹೋಗುತ್ತದೆ, ಚೆನ್ನಾಗಿ ಉಂಡು ಕುಡಿಯುವವನಿಗೆ ಏನೂ ಆಗುವುದಿಲ್ಲ” ಎಂಬುದು. ಇನ್ನೊಂದು, “ಲಿವರ್‌ನಲ್ಲಿ ಕೊಬ್ಬು ಸೇರುವುದು ಮದ್ಯದಿಂದಲ್ಲ, ಅದರ ಜೊತೆ ತಿನ್ನುವ ಕರಿದ ಪದಾರ್ಥಗಳಿಂದ” ಎಂಬುದು. ಮೊದಲನೆಯದು ತಿನ್ನು ಎನ್ನುತ್ತದೆ, ಎರಡನೆಯದು ತಿನ್ನಬೇಡ ಎನ್ನುತ್ತದೆ. ಒಂದನ್ನೊಂದು ಹೊಡೆದುಹಾಕುವ ಈ ಎರಡು ಮಾತುಗಳನ್ನೂ ಒಬ್ಬನೇ ಮನುಷ್ಯ ಒಂದೇ ಸಂಜೆ ಹೇಳುವುದನ್ನು ನಾನು ಕೇಳಿದ್ದೇನೆ. ಎರಡರಲ್ಲೂ ಮದ್ಯಕ್ಕೆ ಮಾತ್ರ ಕ್ಲೀನ್ ಚಿಟ್ ಸಿಗುತ್ತದೆ, ಅದೇ ಅವುಗಳ ಜನಪ್ರಿಯತೆಯ ಗುಟ್ಟು.

ಕುಡಿಯುವವರನ್ನು ಮಾತ್ರ ನಗೆಯಾಡಿ ಪ್ರಯೋಜನವಿಲ್ಲ. ಮೊದಲನೆಯ ಮಾತನ್ನು ವೈದ್ಯವಿಜ್ಞಾನವೂ ಬಹುಕಾಲ ನಂಬಿತ್ತು. 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ತಂಡದಲ್ಲಿದ್ದ ಚಾರ್ಲ್ಸ್ ಬೆಸ್ಟ್ ಅವರ ಹೆಸರು ಕೇಳಿರುತ್ತೀರಿ. ಅವರು ಮತ್ತು ಅವರ ಸಹೋದ್ಯೋಗಿಗಳು 1949ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಮದ್ಯಸಾರ, ಇನ್ನೊಂದು ಗುಂಪಿಗೆ ಅಷ್ಟೇ ಕ್ಯಾಲೊರಿಯ ಸಕ್ಕರೆ. ಎರಡೂ ಗುಂಪುಗಳ ಯಕೃತ್ತು ಕೆಟ್ಟಿತು; ಕೋಲೀನ್ ಎಂಬ ಪೋಷಕಾಂಶ ಕೊಟ್ಟಾಗ ಎರಡರಲ್ಲೂ ಹಾನಿ ತಪ್ಪಿತು. ಮದ್ಯಸಾರ ಯಕೃತ್ತಿಗೆ ವಿಷವೆನ್ನಲು ಸಕ್ಕರೆಗಿಂತ ಹೆಚ್ಚಿನ ಸಾಕ್ಷ್ಯವೇನೂ ಇಲ್ಲವೆಂದು ಅವರು ತೀರ್ಮಾನಿಸಿದರು. ಕುಡುಕನ ಲಿವರ್ ಹಾಳಾಗುವುದು ಅವನು ಸರಿಯಾಗಿ ಉಣ್ಣದಿರುವುದರಿಂದ ಎಂಬ ನಂಬಿಕೆಗೆ ಇಂಥ ದೊಡ್ಡ ಹೆಸರಿನ ಬೆಂಬಲ ಸಿಕ್ಕಿತು.

ಇದನ್ನು ಪ್ರಶ್ನಿಸಿದವರು ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಬೆಲ್ಜಿಯಂ ಮೂಲದ ವೈದ್ಯ ಚಾರ್ಲ್ಸ್ ಲೀಬರ್. ಇಲಿಗೆ ಮದ್ಯ ರುಚಿಸುವುದಿಲ್ಲ. ಕುಡಿಯುವ ನೀರಿಗೆ ಬೆರೆಸಿಟ್ಟರೆ ಅದು ನೀರನ್ನೇ ಕಡಿಮೆ ಕುಡಿಯುತ್ತದೆ, ಹಾಗಾಗಿ ಅದರ ಹೊಟ್ಟೆಗೆ ಹೋಗುವ ಮದ್ಯಸಾರ ತೀರಾ ಕಡಿಮೆ. ಲೀಬರ್ ಮತ್ತು ಅವರ ಸಹೋದ್ಯೋಗಿ ಲಿಯೊನೋರ್ ಡಿಕಾರ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಇಲಿಯ ಇಡೀ ಆಹಾರವನ್ನೇ ದ್ರವರೂಪಕ್ಕೆ ತಂದು, ಒಟ್ಟು ಕ್ಯಾಲೊರಿಯಲ್ಲಿ ಶೇ 36ರಷ್ಟು ಮದ್ಯಸಾರದಿಂದಲೇ ಬರುವಂತೆ ಬೆರೆಸಿದರು. ಹಸಿದ ಇಲಿಗೆ ಬೇರೆ ದಾರಿಯಿರಲಿಲ್ಲ. ಪ್ರೋಟೀನು, ವಿಟಮಿನ್ನು, ಕೋಲೀನ್ ಯಾವುದಕ್ಕೂ ಕೊರತೆಯಿಲ್ಲದ ಆ ಇಲಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿತು. 1968ರಲ್ಲಿ ಇಮ್ಯಾನ್ಯುಯೆಲ್ ರೂಬಿನ್ ಅವರೊಂದಿಗೆ ಸೇರಿ ಲೀಬರ್ ಮನುಷ್ಯರ ಮೇಲೂ ಪ್ರಯೋಗ ಮಾಡಿದರು. ಮದ್ಯವ್ಯಸನಿಗಳಲ್ಲದ ಸ್ವಯಂಸೇವಕರಿಗೆ ಪ್ರೋಟೀನು ಹೆಚ್ಚು, ಕೊಬ್ಬು ಕಡಿಮೆಯಿರುವ ಒಳ್ಳೆಯ ಊಟದ ಜೊತೆಗೇ ಮದ್ಯಸಾರ ಕೊಟ್ಟರು. ಕೆಲವೇ ದಿನಗಳಲ್ಲಿ ಅವರ ಯಕೃತ್ತಿನ ಕೋಶಗಳಲ್ಲಿ ಕೊಬ್ಬಿನ ಹನಿಗಳು ಕಾಣಿಸಿಕೊಂಡವು. ಅಲ್ಲಿಗೆ “ಉಂಡು ಕುಡಿದರೆ ಏನೂ ಆಗದು” ಎಂಬ ಮಾತು ಪ್ರಯೋಗಶಾಲೆಯಲ್ಲಿ ಸತ್ತಿತು. ನಮ್ಮ ಬಾರುಗಳಲ್ಲಿ ಅದಿನ್ನೂ ಆರೋಗ್ಯವಾಗಿದೆ.

ಹಾಗಾದರೆ ಒಳಗೆ ನಡೆಯುವುದೇನು?

ಕುಡಿದ ಮದ್ಯದ ಸುಮಾರು ಐದನೆಯ ಒಂದು ಭಾಗ ಹೊಟ್ಟೆಯಿಂದಲೇ, ಉಳಿದದ್ದು ಸಣ್ಣಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆ ರಕ್ತ ನೇರವಾಗಿ ಯಕೃತ್ತಿಗೆ ಬರುತ್ತದೆ. ಉಸಿರು, ಮೂತ್ರ, ಬೆವರಿನಲ್ಲಿ ಹೋಗುವುದು ಅತ್ಯಲ್ಪ; ಶೇ 90ಕ್ಕೂ ಹೆಚ್ಚಿನದನ್ನು ಯಕೃತ್ತೇ ವಿಲೇವಾರಿ ಮಾಡಬೇಕು. ಮದ್ಯಸಾರವನ್ನು ಎತ್ತಿಡಲು ದೇಹದಲ್ಲಿ ಗೋದಾಮಿಲ್ಲ. ಸಕ್ಕರೆ ಹೆಚ್ಚಾದರೆ ಗ್ಲೈಕೋಜನ್ ಆಗಿ ಇಟ್ಟುಕೊಳ್ಳಬಹುದು, ಕೊಬ್ಬನ್ನು ಚರ್ಮದಡಿ ಸೇರಿಸಿಡಬಹುದು. ಮದ್ಯಸಾರ ಹಾಗಲ್ಲ, ಬಂದಷ್ಟನ್ನೂ ಕರಗಿಸಲೇಬೇಕು. ಆದ್ದರಿಂದ ಯಕೃತ್ತು ಮಿಕ್ಕೆಲ್ಲ ಕೆಲಸಗಳನ್ನು ಬದಿಗಿಟ್ಟು ಮೊದಲು ಇದನ್ನು ಕೈಗೆತ್ತಿಕೊಳ್ಳುತ್ತದೆ.

ಕರಗಿಸುವ ಕೆಲಸ ಎರಡು ಹಂತದ್ದು. ಮೊದಲು ಮದ್ಯಸಾರ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ. ಎರಡನೆಯ ಹಂತದಲ್ಲಿ ಅದು ಅಸಿಟೇಟ್ ಆಗುತ್ತದೆ. ಅಸಿಟೇಟ್ ಬಡಪಾಯಿ ವಸ್ತು, ರಕ್ತಕ್ಕಿಳಿದು ಸ್ನಾಯುಗಳಲ್ಲಿ ಉರಿದುಹೋಗುತ್ತದೆ. ಎರಡೂ ಹಂತಗಳಲ್ಲಿ ಮದ್ಯಸಾರದಿಂದ ಹೈಡ್ರೋಜನ್ ಕಳಚಿಕೊಳ್ಳುತ್ತದೆ, ಅದನ್ನು ಯಾರಾದರೂ ಹೊತ್ತೊಯ್ಯಬೇಕು. ಹೊರುವವನ ಹೆಸರು ಎನ್‌ಎಡಿ, ಕೋಶದೊಳಗಿನ ಒಂದು ಸಣ್ಣ ಅಣು. ಕೃಷಿ ಮಾರುಕಟ್ಟೆಯ ಹಮಾಲಿಯನ್ನು ನೆನೆಸಿಕೊಳ್ಳಿ. ಮೂಟೆ ಹೊತ್ತು ಹೋಗಿ ಇಳಿಸಿ, ಬರಿಗೈಯಲ್ಲಿ ಮರಳಿ ಬಂದರೆ ತಾನೇ ಅವನು ಇನ್ನೊಂದು ಮೂಟೆಗೆ ಹೆಗಲು ಕೊಡುವುದು? ಯಕೃತ್ತಿನ ಕೋಶದಲ್ಲಿ ಈ ಹಮಾಲಿಗಳ ಸಂಖ್ಯೆ ಸೀಮಿತ. ಕೊಬ್ಬನ್ನು ಉರಿಸಿ ಶಕ್ತಿ ಪಡೆಯಲೂ ಅವರೇ ಬೇಕು, ಏಕೆಂದರೆ ಕೊಬ್ಬು ಉರಿಯುವಾಗಲೂ ಹೈಡ್ರೋಜನ್ ಹೊರಬೀಳುತ್ತದೆ. ಮದ್ಯಸಾರದ ಲಾರಿ ಬಂದು ನಿಂತಿತೆಂದರೆ ಹಮಾಲಿಗಳೆಲ್ಲ ಅತ್ತ ಓಡುತ್ತಾರೆ, ಎಲ್ಲರ ಹೆಗಲ ಮೇಲೂ ಹೊರೆ. ಕೊಬ್ಬಿನ ಮೂಟೆ ಬಿದ್ದಲ್ಲೇ ಬಿದ್ದಿರುತ್ತದೆ.

ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದು. ಕುಡಿದ ಮದ್ಯವೇ ಕೊಬ್ಬಾಗಿ ಮಾರ್ಪಟ್ಟು ಲಿವರ್‌ನಲ್ಲಿ ಕೂರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಾಗುವುದು ಸಣ್ಣ ಪಾಲು ಮಾತ್ರ. ದೊಡ್ಡ ಪಾಲು ಅಸಿಟೇಟ್ ಆಗಿ ಹೊರಗೆ ಹೋಗಿಬಿಡುತ್ತದೆ. ಮದ್ಯ ಮಾಡುವ ಕಿತಾಪತಿ ಬೇರೆಯದೇ: ಉರಿಯಬೇಕಾಗಿದ್ದ ಕೊಬ್ಬನ್ನು ಉರಿಯಗೊಡುವುದಿಲ್ಲ.

ಇದಕ್ಕೆ ಗಡಿಯಾರದ ಲೆಕ್ಕವನ್ನೂ ಸೇರಿಸಿ ನೋಡೋಣ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳ ಮೇಲೆ ಶೇ 42.8 ಎಂದು ಅಚ್ಚಾಗಿರುತ್ತದೆ. ಅಂದರೆ 90 ಮಿ.ಲೀ. ಪೊಟ್ಟಣದಲ್ಲಿ ಸುಮಾರು 30 ಗ್ರಾಂ, 180 ಮಿ.ಲೀ. ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಸಾಧಾರಣ ಮೈಕಟ್ಟಿನ ವಯಸ್ಕನ ಯಕೃತ್ತು ಗಂಟೆಗೆ ಏಳರಿಂದ ಹತ್ತು ಗ್ರಾಂ ಕರಗಿಸಬಲ್ಲದು. ನಿಂಬೆಹಣ್ಣಿನ ರಸ, ಮಜ್ಜಿಗೆ, ತಣ್ಣೀರ ಸ್ನಾನ, ಕಡು ಕಾಫಿ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನ ಯಕೃತ್ತು ಬೆಳಗಿನ ನಾಲ್ಕೋ ಆರೋ ಗಂಟೆಯವರೆಗೆ ದುಡಿಯುತ್ತಲೇ ಇರುತ್ತದೆ. ರಾತ್ರಿಯ ಊಟ ಜೀರ್ಣವಾದ ಮೇಲೆ ಬೆಳಗಿನ ತಿಂಡಿಯವರೆಗಿನ ಆ ಉಪವಾಸದ ಹೊತ್ತಿನಲ್ಲೇ ಯಕೃತ್ತು ಸಹಜವಾಗಿ ಕೊಬ್ಬನ್ನು ಉರಿಸಿಕೊಳ್ಳುವುದು. ದಿನವೂ ರಾತ್ರಿ ಕುಡಿಯುವವನು ಸರಿಯಾಗಿ ಆ ಗಂಟೆಗಳನ್ನೇ ಕಸಿದುಕೊಳ್ಳುತ್ತಾನೆ.

ಇಷ್ಟು ಸಾಲದೆಂಬಂತೆ ಇನ್ನೂ ಕೆಲವು ಬಾಗಿಲುಗಳಿಂದ ಕೊಬ್ಬು ಬರುತ್ತದೆ. ದೇಹದ ಕೊಬ್ಬಿನ ಅಂಗಾಂಶ, ಮುಖ್ಯವಾಗಿ ಅತಿಯಾಗಿ ಕುಡಿದಾಗ, ತನ್ನಲ್ಲಿದ್ದ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಬಂದಿಳಿಯುವುದು ಯಕೃತ್ತಿನಲ್ಲೇ. ಹೊರೆ ಹೊತ್ತ ಹಮಾಲಿಗಳು ಹೆಚ್ಚಿದಾಗ ಗ್ಲಿಸರಾಲ್ ಫಾಸ್ಫೇಟ್ ಕೂಡ ಹೆಚ್ಚು ತಯಾರಾಗುತ್ತದೆ. ಮೂರು ಮೂರು ಕೊಬ್ಬಿನಾಮ್ಲಗಳನ್ನು ಕಟ್ಟಿ ಟ್ರೈಗ್ಲಿಸರೈಡ್, ಅಂದರೆ ಕೂಡಿಡುವ ಕೊಬ್ಬು, ಮಾಡಲು ಅದೇ ಬೇಕಾದದ್ದು. ತಿಂಗಳುಗಟ್ಟಲೆ ಕುಡಿದರೆ ಕೋಶದ ಆಡಳಿತವೇ ಬದಲಾಗುತ್ತದೆ. ಕೊಬ್ಬು ತಯಾರಿಸುವ ವಂಶವಾಹಿಗಳಿಗೆ ಚಾಲನೆ ಕೊಡುವ ಪ್ರೋಟೀನು ಚುರುಕಾಗುತ್ತದೆ, ಕೊಬ್ಬು ಉರಿಸುವ ವಂಶವಾಹಿಗಳಿಗೆ ಚಾಲನೆ ಕೊಡುವ ಪ್ರೋಟೀನು ಮಂಕಾಗುತ್ತದೆ. ತಯಾರಾದ ಕೊಬ್ಬನ್ನು ಪ್ರೋಟೀನಿನ ಪೊಟ್ಟಣದಲ್ಲಿ ಕಟ್ಟಿ ರಕ್ತಕ್ಕೆ ರವಾನಿಸುವ ವ್ಯವಸ್ಥೆಯೂ ಕುಂಟತೊಡಗುತ್ತದೆ.

ಈಗ “ಕರಿದ ಪದಾರ್ಥದಿಂದ” ಎಂಬ ಎರಡನೆಯ ಮಾತಿಗೆ ಬರೋಣ. 1966ರಲ್ಲಿ ಲೀಬರ್ ತಂಡ ಯಕೃತ್ತಿನಲ್ಲಿ ಸೇರಿದ ಕೊಬ್ಬು ಎಲ್ಲಿಂದ ಬಂತೆಂದು ಜಾಡು ಹಿಡಿದು ನೋಡಿತು. ಕೊಬ್ಬಿರುವ ಊಟದ ಜೊತೆ ಮದ್ಯ ಕೊಟ್ಟಾಗ ಹೆಚ್ಚಾಗಿ ಊಟದ ಕೊಬ್ಬೇ ಬಂದು ಕೂತಿತ್ತು. ಊಟದಲ್ಲಿ ಕೊಬ್ಬು ತೀರಾ ಕಡಿಮೆಯಿದ್ದಾಗ ಯಕೃತ್ತು ತಾನೇ ತಯಾರಿಸಿಕೊಂಡ ಕೊಬ್ಬು ತುಂಬಿತ್ತು. ಆದ್ದರಿಂದ ಕಬಾಬ್ ತಿಂದರೆ ಕೊಬ್ಬು ಹೆಚ್ಚು ಸೇರುತ್ತದೆಂಬುದು ನಿಜ, ಮೊಸರನ್ನ ಉಂಡು ಕುಡಿದರೆ ಸೇರುವುದಿಲ್ಲವೆಂಬುದು ಸುಳ್ಳು. ಮೊದಲನೆಯ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಅಮಲು ಒಮ್ಮೆಲೇ ಏರುವುದಿಲ್ಲ. ಮದ್ಯ ಕರಗುವಾಗ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸಲಾರದು. ಹಾಗಾಗಿ ಉಣ್ಣದೆ ಕುಡಿದವನ ರಕ್ತದಲ್ಲಿ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಇನ್ಸುಲಿನ್ ಅಥವಾ ಕೆಲವು ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ಪ್ರಾಣಾಂತಿಕ. ಊಟ ಈ ಅಪಾಯವನ್ನು ತಗ್ಗಿಸುತ್ತದೆ, ಯಕೃತ್ತಿನ ಕೆಲಸವನ್ನು ಮಾತ್ರ ತಗ್ಗಿಸುವುದಿಲ್ಲ.

“ಅವನು ಎಷ್ಟು ಕುಡಿದರೂ ಕಲ್ಲಿನ ಹಾಗೆ ನಿಲ್ಲುತ್ತಾನೆ” ಎಂದು ಕೆಲವರನ್ನು ಹೊಗಳುವುದುಂಟು. ದಿನವೂ ಕುಡಿಯುವವನ ಮೆದುಳು ಅಮಲಿಗೆ ಒಗ್ಗಿಕೊಂಡಿರುತ್ತದೆ. ಜೊತೆಗೆ ಯಕೃತ್ತು ಮದ್ಯ ಕರಗಿಸಲು ಮಾಮೂಲಿ ಕಿಣ್ವದ ಜೊತೆಗೆ ಸಿವೈಪಿ2ಇ1 ಎಂಬ ಇನ್ನೊಂದು ಕಿಣ್ವವನ್ನು ಹೆಚ್ಚಿಸಿಕೊಂಡಿರುತ್ತದೆ. ಇದರಿಂದ ಮದ್ಯ ಬೇಗ ಕರಗುತ್ತದೆ, ಆದರೆ ಇದು ಹೊಲಸು ದಾರಿ. ಕೋಶದ ಪೊರೆಗಳನ್ನೂ ಕೂಡಿಟ್ಟ ಕೊಬ್ಬನ್ನೂ ಕಮಟು ಹಿಡಿಸುವ ಆಮ್ಲಜನಕದ ಉಗ್ರ ರೂಪಗಳು ಇದರಿಂದ ಹುಟ್ಟುತ್ತವೆ. ಇದೇ ಕಿಣ್ವ ಪ್ಯಾರಾಸಿಟಮಾಲ್ ಮಾತ್ರೆಯ ಒಂದಂಶವನ್ನು ವಿಷವಾಗಿ ಬದಲಿಸುತ್ತದೆ. ದಿನವೂ ಕುಡಿಯುವವರು ಬೆಳಗಿನ ತಲೆನೋವಿಗೆಂದು ಒಂದರ ಮೇಲೊಂದು ಮಾತ್ರೆ ನುಂಗುವುದು ಆ ಕಾರಣಕ್ಕೇ ಕೆಟ್ಟದ್ದು.

ನನ್ನ ಕೆಲಸ ರೋಗಶಾಸ್ತ್ರದ್ದು, ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ಹೇಳದೆ ಮುಂದೆ ಹೋಗಲಾರೆ. ಆರೋಗ್ಯವಂತನ ಯಕೃತ್ತು ಕಂದುಗೆಂಪು, ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. ಕೊಬ್ಬು ತುಂಬಿದ್ದು ಎರಡು, ಎರಡೂವರೆ ಕೆ.ಜಿ.ಗೂ ಬರುತ್ತದೆ. ಬಣ್ಣ ಹಳದಿಗೆ ತಿರುಗಿ, ಅಂಚು ದುಂಡಗಾಗಿ, ಕೊಯ್ದರೆ ಚಾಕುವಿಗೆ ಜಿಡ್ಡು ಮೆತ್ತುತ್ತದೆ. ಅದರದೊಂದು ಚೂರನ್ನು ಮೇಣದಲ್ಲಿ ಕೂರಿಸಿ, ತೆಳುವಾಗಿ ಸೀಳಿ ಗಾಜಿನ ಮೇಲಿಟ್ಟು ನೋಡಿದರೆ ಕೋಶಗಳ ತುಂಬ ದುಂಡನೆಯ ಬಿಳಿ ತೂತುಗಳು. ಕೆಲವು ಕೋಶಗಳಲ್ಲಿ ಇಡೀ ಕೋಶವೇ ಒಂದು ತೂತು. ಮಧ್ಯದಲ್ಲಿರಬೇಕಾದ ಕೋಶಕೇಂದ್ರ ಅಂಚಿಗೆ ತಳ್ಳಿಸಿಕೊಂಡು ಚಪ್ಪಟೆಯಾಗಿರುತ್ತದೆ. ಆ ತೂತುಗಳಲ್ಲಿ ಕೊಬ್ಬಿತ್ತು. ಚೂರನ್ನು ಸಿದ್ಧಪಡಿಸುವಾಗ ನಾವು ಅದನ್ನು ಮೊದಲು ಮದ್ಯಸಾರದಲ್ಲಿ, ಆಮೇಲೆ ಜೈಲೀನ್ ಎಂಬ ದ್ರಾವಕದಲ್ಲಿ ಅದ್ದುತ್ತೇವೆ, ಕೊಬ್ಬು ಅಲ್ಲಿಯೇ ಕರಗಿಹೋಗುತ್ತದೆ. ಬದುಕಿದ್ದಾಗ ಕೊಬ್ಬನ್ನು ಕೂಡಿಹಾಕಿಸಿದ ಮದ್ಯಸಾರಕ್ಕೆ ಪ್ರಯೋಗಶಾಲೆಯಲ್ಲಿ ಅದನ್ನು ತೊಳೆಯುವ ಕೆಲಸ! ಕೊಬ್ಬನ್ನೇ ನೋಡಬೇಕೆಂದರೆ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ದು, ಆಯಿಲ್ ರೆಡ್ ಓ ಎಂಬ ಬಣ್ಣ ಹಾಕಬೇಕು. ಆಗ ತೂತುಗಳ ಜಾಗದಲ್ಲಿ ಕೆಂಪು ಹನಿಗಳು ಹೊಳೆಯುತ್ತವೆ. ಅವು ಮೊದಲು ಕಾಣಿಸಿಕೊಳ್ಳುವುದು ರಕ್ತ ಹೊರಹೋಗುವ ನಡುಸಿರೆಯ ಸುತ್ತ; ಅಲ್ಲಿ ಆಮ್ಲಜನಕ ಕಡಿಮೆ, ನಾನು ಹೇಳಿದ ಆ ಹೊಲಸು ಕಿಣ್ವ ಹೆಚ್ಚು.

ಇಷ್ಟೆಲ್ಲ ನಡೆಯುತ್ತಿದ್ದರೂ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಯಕೃತ್ತಿನ ಒಳಭಾಗಕ್ಕೆ ನೋವಿನ ಅರಿವಿಲ್ಲ, ಹೊರಪೊರೆ ಹಿಗ್ಗಿದಾಗ ಬಲಪಕ್ಕೆಯಲ್ಲಿ ಭಾರವೆನಿಸಬಹುದು, ಅಷ್ಟೇ. ಹೆಚ್ಚಿನವರಿಗೆ ವಿಷಯ ತಿಳಿಯುವುದು ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ. ವರದಿಯಲ್ಲಿ “ಗ್ರೇಡ್ 1 ಫ್ಯಾಟಿ ಲಿವರ್” ಎಂದಿರುತ್ತದೆ. “ಎಲ್ಲರಿಗೂ ಇರುತ್ತದೆ ಬಿಡಿ” ಎಂದು ಯಾರೋ ಹೇಳುತ್ತಾರೆ, ವರದಿ ಬೀರು ಸೇರುತ್ತದೆ. ಆ ಗ್ರೇಡ್ ಹೇಳುವುದು ಕೊಬ್ಬಿನ ಅಂದಾಜನ್ನೇ ಹೊರತು ಹಾನಿಯನ್ನಲ್ಲ. ಯಕೃತ್ತು ಗಡುಸಾಗಿದೆಯೇ ಎಂದು ತಿಳಿಯಲು ಫೈಬ್ರೋಸ್ಕ್ಯಾನ್‌ನಂಥ ಬೇರೆ ಪರೀಕ್ಷೆ ಬೇಕು. ಇನ್ನೊಂದು ಮಾತು: ಐದು ಕೋಶಗಳ ಪೈಕಿ ಒಂದಕ್ಕಿಂತ ಕಡಿಮೆ ಕೋಶದಲ್ಲಿ ಕೊಬ್ಬಿದ್ದರೆ ಸಾಮಾನ್ಯ ಸ್ಕ್ಯಾನಿಂಗ್ ಅದನ್ನು ಕಾಣದೆಯೇ ಹೋಗಬಹುದು. ಯಕೃತ್ತಿನ ಹಾನಿ ತಿಳಿಯಲು ಮಾಡುವ ಎಸ್‌ಜಿಒಟಿ, ಎಸ್‌ಜಿಪಿಟಿ ರಕ್ತಪರೀಕ್ಷೆಗಳೂ ಮೊದಲ ಹಂತದಲ್ಲಿ ಸರಿಯಾಗಿಯೇ ಇರಬಹುದು. ವರದಿ ನಾರ್ಮಲ್ ಎಂಬುದು ಕುಡಿಯಲು ಪರವಾನಗಿಯಲ್ಲ.

ವರ್ಷಗಟ್ಟಲೆ ಹೆಚ್ಚು ಕುಡಿಯುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಕೊಬ್ಬಿನ ಯಕೃತ್ತು ಇರುತ್ತದೆ. ಅವರಲ್ಲಿ ಸಿರೋಸಿಸ್, ಅಂದರೆ ಯಕೃತ್ತು ಗಂಟುಗಂಟಾಗಿ ಗಡುಸಾಗುವ ಸ್ಥಿತಿ, ಹತ್ತರಿಂದ ಇಪ್ಪತ್ತು ಮಂದಿಗೆ ಬರುತ್ತದೆ. “ನಮ್ಮ ಮಾವ ಎಂಬತ್ತರವರೆಗೂ ಕುಡಿದರು” ಎಂಬ ಕಥೆಗಳು ಉಳಿದವರಿಂದ ಬರುತ್ತವೆ. ಸತ್ತವರು ಕಥೆ ಹೇಳಲು ಬರುವುದಿಲ್ಲ. ಯಾರು ಆ ಹತ್ತಿಪ್ಪತ್ತರಲ್ಲಿ ಸೇರುತ್ತಾರೆಂದು ಮೊದಲೇ ಹೇಳುವುದು ಕಷ್ಟ. ಬೊಜ್ಜು, ಮಧುಮೇಹ, ಹೆಪಟೈಟಿಸ್ ಬಿ ಅಥವಾ ಸಿ ಸೋಂಕು ಇದ್ದವರಿಗೆ ಅಪಾಯ ಹೆಚ್ಚು. 2008ರಲ್ಲಿ ಪತ್ತೆಯಾದ ಪಿಎನ್‌ಪಿಎಲ್‌ಎ3 ವಂಶವಾಹಿಯ ಒಂದು ರೂಪ ಇದ್ದವರಿಗೂ ಹೆಚ್ಚು. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಪ್ರಮಾಣದಲ್ಲೇ, ಕಡಿಮೆ ವರ್ಷಗಳಲ್ಲೇ ಹಾನಿಯಾಗುತ್ತದೆ. ಮಧುಮೇಹವೂ ಹೊಟ್ಟೆಯ ಬೊಜ್ಜೂ ಮದ್ಯವೂ ಒಬ್ಬನಲ್ಲೇ ಸೇರುವುದು ನಮ್ಮಲ್ಲಿ ಅಪರೂಪವೇನಲ್ಲ. ಇದು ಸಕ್ಕರೆ ಕಾಯಿಲೆಯ ಲಿವರೋ ಕುಡಿತದ ಲಿವರೋ ಎಂದು ವೈದ್ಯರು ಮೊದಲು ಒಂದು ಪಕ್ಷ ಹಿಡಿಯಬೇಕಾಗಿತ್ತು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಎರಡೂ ಸೇರಿದ ಸ್ಥಿತಿಗೆ ಮೆಟ್‌ಎಎಲ್‌ಡಿ ಎಂಬ ಬೇರೆಯದೇ ಹೆಸರು ಕೊಟ್ಟಿದ್ದಾರೆ.

ಒಳ್ಳೆಯ ಸುದ್ದಿಯೂ ಇದೆ. ಬರೀ ಕೊಬ್ಬಿನ ಹಂತದಲ್ಲಿ ಕುಡಿತ ಬಿಟ್ಟರೆ ಎರಡರಿಂದ ಆರು ವಾರಗಳಲ್ಲಿ ಆ ಕೊಬ್ಬು ಬಹುಮಟ್ಟಿಗೆ ಕರಗುತ್ತದೆ. ಹಮಾಲಿಗಳು ಬಿಡುವಾಗುತ್ತಾರೆ, ಬಾಕಿ ಬಿದ್ದ ಕೆಲಸ ಸಾಗುತ್ತದೆ. ಔಷಧಿ ಬೇಕಿಲ್ಲ. ಗಡುಸಾಗಿ ಗಂಟುಗಟ್ಟಿದ ಮೇಲೆ ಇಷ್ಟು ಸುಲಭವಲ್ಲ, ಆದರೂ ಬಿಟ್ಟವರು ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ಇನ್ನು ಪ್ರಶ್ನೆಗಳು. “ಬಿಯರ್ ಕುಡಿದರೆ ಪರವಾಗಿಲ್ಲ ತಾನೇ?” ಎಂದು ಯುವಕರೊಬ್ಬರು ಕೇಳಿದರು. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ ಮದ್ಯಸಾರವಿರುತ್ತದೆ. 90 ಮಿ.ಲೀ. ವಿಸ್ಕಿಯಲ್ಲಿ 30. ಲೆಕ್ಕ ನೀವೇ ಮಾಡಿ. ಇದೇ ಜಾತಿಯ ಇನ್ನೊಂದು ನಂಬಿಕೆ ಸಾರಾಯಿ ಕಾಲದಿಂದ ಬಂದದ್ದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದು ಕೆಟ್ಟದ್ದು, ಈಗ ಸಿಗುವುದು ಕಂಪನಿ ಮಾಲು, ಹಾಗಾಗಿ ಒಳ್ಳೆಯದು ಎನ್ನುವವರಿದ್ದಾರೆ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಎಂಬ ವಿಷ ಬೆರೆತರೆ ಕಣ್ಣು ಹೋಗುತ್ತದೆ, ಪ್ರಾಣ ಹೋಗುತ್ತದೆ, ಆ ಭಯ ಸರಿಯಾದದ್ದೇ. ಯಕೃತ್ತಿನಲ್ಲಿ ಕೊಬ್ಬು ಸೇರಿಸುವುದು ಮಾತ್ರ ಎಥನಾಲ್, ಅಂದರೆ ನಾನು ಇಷ್ಟು ಹೊತ್ತು ಹೇಳಿದ ಮದ್ಯಸಾರ. ದುಬಾರಿ ಬಾಟಲಿಯಲ್ಲೂ ಇರುವುದು ಅದೇ.

“ಎಷ್ಟು ಕುಡಿದರೆ ಸುರಕ್ಷಿತ?” ಎಂಬುದು ಇನ್ನೊಂದು ಪ್ರಶ್ನೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಅಲ್ಲಿ ಅದರ ಮುಖ್ಯ ಕಾಳಜಿ ಕ್ಯಾನ್ಸರ್. ಯಕೃತ್ತಿನ ಮಟ್ಟಿಗೆ ನನ್ನ ಉತ್ತರ: ಸ್ಕ್ಯಾನಿಂಗ್‌ನಲ್ಲಿ ಈಗಾಗಲೇ ಕೊಬ್ಬು ಕಂಡಿದ್ದರೆ ನಿಮ್ಮ ಪ್ರಮಾಣ ಸೊನ್ನೆ.

ಲಿವರ್ ಟಾನಿಕ್ ಬಗ್ಗೆ, ನೆಲನೆಲ್ಲಿ ರಸದ ಬಗ್ಗೆ ಕೇಳಿದ ಹಿರಿಯರಿಗೆ ಹೇಳಿದ್ದು ಇಷ್ಟು. ಮಕ್ಕಳಿಗೆ ಬರುವ ಹೆಪಟೈಟಿಸ್ ಎ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ಆ ವಾರ ಕುಡಿದ ರಸಕ್ಕೆ ಸಲ್ಲುತ್ತದೆ. ಕುಡಿತ ಮುಂದುವರಿಸಿಕೊಂಡೇ ಯಕೃತ್ತಿನ ಕೊಬ್ಬು ಇಳಿಸುವ ರಸವಾಗಲಿ ಟಾನಿಕ್ ಆಗಲಿ ಇಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ತಾಯಿಯೊಬ್ಬರದು. “ನಮ್ಮ ಯಜಮಾನರು ಬೆಳಗ್ಗೆ ಏಳುತ್ತಲೇ ಶುರು ಮಾಡುತ್ತಾರೆ. ಬಾಟಲಿ ಬಚ್ಚಿಟ್ಟು, ಮನೆಯೊಳಗೇ ಇರಿಸಿ ಬಿಡಿಸಲೇ ಸರ್?” ಬೇಡಮ್ಮ, ಹಾಗೆ ಮಾಡಬೇಡಿ. ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವ ಹಂತಕ್ಕೆ ಬಂದವರಿಗೆ ದಿಢೀರನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಇಲ್ಲದ್ದು ಕಾಣಿಸಿ, ದಿಕ್ಕುತಪ್ಪಿ, ಪ್ರಾಣಕ್ಕೇ ಸಂಚಕಾರವಾಗಬಹುದು. ಇವರಿಗೆ ಬಿಡಿಸುವ ಕೆಲಸ ಆಸ್ಪತ್ರೆಯಲ್ಲಿ ಆಗಬೇಕು. ನಡುಕಕ್ಕೆ ಔಷಧಿ ಬೇಕು, ಬಿ1 ವಿಟಮಿನ್ ಬೇಕು. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬೆಂಗಳೂರಿಗೆ ಹೋಗಲಾಗುವುದಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14446ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಉಚಿತ ಸಹಾಯವಾಣಿ. ಆಸ್ಪತ್ರೆಗೆ ಹೋಗುವವರೆಗೆ ಬಾಟಲಿ ಇರುವಲ್ಲೇ ಇರಲಿ.